ಅರ್ಜಿ ಒಂದು, ಲೆಕ್ಕ ನಾಲ್ಕು

ಮೂವತ್ತರ ಆಸುಪಾಸಿನ ಮಗನೋ ಮಗಳೋ ಸಾಫ್ಟ್‌ವೇರ್‌ನಲ್ಲಿ, ನರ್ಸಿಂಗ್‌ನಲ್ಲಿ, ಅಕೌಂಟ್ಸ್‌ನಲ್ಲಿ ದುಡಿಯುತ್ತಿರುವ ನಮ್ಮ ಮನೆಗಳಲ್ಲಿ ‘ಪಿಆರ್‌ಗೆ ಹಾಕೋಣವಾ?’, ಅಂದರೆ ವಿದೇಶದ ಕಾಯಂ ವಾಸಕ್ಕೆ ಅರ್ಜಿ ಹಾಕೋಣವಾ ಎಂಬ ಮಾತು ಒಂದಲ್ಲ ಒಂದು ದಿನ ಬಂದೇ ಬರುತ್ತದೆ. ಬಂದ ಕೂಡಲೇ ಮನೆಯಲ್ಲಿ ಎರಡು ಪಕ್ಷ. ಹೋದವರೆಲ್ಲ ಉದ್ಧಾರವಾದರು ಎನ್ನುವವರು ಒಂದು ಕಡೆ. ಇಲ್ಲಿ ಟೀಮ್ ಲೀಡ್ ಆಗಿದ್ದವನು ಅಲ್ಲಿ ಗೋದಾಮಿನಲ್ಲಿ ಪೆಟ್ಟಿಗೆ ಜೋಡಿಸುತ್ತಿದ್ದಾನೆ ಎನ್ನುವವರು ಇನ್ನೊಂದು ಕಡೆ. ಇಬ್ಬರ ಬಳಿಯೂ ಉದಾಹರಣೆಗಳಿವೆ. ಇಬ್ಬರ ಉದಾಹರಣೆಗಳೂ ನಿಜ. ಅದಕ್ಕೇ ಈ ವಾದ ಬಗೆಹರಿಯುವುದಿಲ್ಲ.

ಬಗೆಹರಿಯದಿರಲು ನನಗೆ ಕಾಣುವ ಕಾರಣ ಒಂದೇ. ಅರ್ಜಿ ಒಂದಾದರೂ ಅದರ ಲಾಭನಷ್ಟ ನಾಲ್ಕು ಪಾಲಾಗಿ ಬೀಳುತ್ತದೆ: ಅರ್ಜಿ ಹಾಕಿದವರಿಗೊಂದು, ಅವರ ಬಾಳಸಂಗಾತಿಗೊಂದು, ಮಕ್ಕಳಿಗೊಂದು, ಇಲ್ಲೇ ಉಳಿಯುವ ತಂದೆತಾಯಿಗೊಂದು. ನಾಲ್ಕನ್ನೂ ಕಲಸಿ ‘ಒಳ್ಳೆಯದು’, ‘ಕೆಟ್ಟದ್ದು’ ಎಂದು ತೀರ್ಪು ಕೊಡಲು ಹೋಗುತ್ತೇವೆ. ಬಿಡಿಸಿ ನೋಡಿದರೆ ಪ್ರಶ್ನೆ ಸ್ವಲ್ಪ ತಿಳಿಯಾಗುತ್ತದೆ. ಇದಕ್ಕೆ ಕೆನಡಾವನ್ನೇ ತೆಗೆದುಕೊಳ್ಳುತ್ತೇನೆ. ಅಲ್ಲಿನ ನಿಯಮಗಳು ಬಹಿರಂಗವಾಗಿವೆ, ನಾವೇ ಕೂತು ಲೆಕ್ಕ ಹಾಕಬಹುದು. ಜೊತೆಗೆ 2023ರಲ್ಲಿ ಆ ದೇಶ ಪಿಆರ್ ಕೊಟ್ಟ ನಾಲ್ಕೂಮುಕ್ಕಾಲು ಲಕ್ಷದಷ್ಟು ಜನರಲ್ಲಿ ಸುಮಾರು 1,40,000 ಮಂದಿ ಭಾರತದವರೇ.

ಅಂಕಪಟ್ಟಿ ಏನನ್ನು ಅಳೆಯುತ್ತದೆ

1960ರ ದಶಕದ ಮೊದಲವರೆಗೆ ಕೆನಡಾ ವಲಸಿಗರನ್ನು ಆರಿಸುತ್ತಿದ್ದುದು ಮುಖ್ಯವಾಗಿ ಅವರ ಮೂಲ ದೇಶ ನೋಡಿ. ನಮ್ಮಂಥವರಿಗೆ ಬಾಗಿಲು ಹೆಚ್ಚುಕಡಿಮೆ ಮುಚ್ಚಿತ್ತು. 1967ರಲ್ಲಿ ಅಂಕಪದ್ಧತಿ ಬಂತು. ವಿದ್ಯೆ, ಭಾಷೆ, ವಯಸ್ಸು, ಕಸುಬು ನೋಡಿ ಅಂಕ ಕೊಡುವ ಕ್ರಮ. ಆ ಬದಲಾವಣೆಯ ನ್ಯಾಯವನ್ನು ಮರೆಯಬಾರದು. ಯಾರ ಪರಿಚಯವೂ ಇಲ್ಲದ, ದಾವಣಗೆರೆಯ ಕಾಲೇಜಿನಲ್ಲಿ ಓದಿದ ಹುಡುಗಿ ತನ್ನ ಅರ್ಹತೆಯ ಬಲದಿಂದಲೇ ಇನ್ನೊಂದು ದೇಶದ ಬಾಗಿಲು ತಟ್ಟುವುದು ಸಾಧ್ಯವಾದದ್ದು ಅದರಿಂದ.

2015ರ ಜನವರಿ 1ರಿಂದ ನಡೆಯುತ್ತಿರುವ ಎಕ್ಸ್‌ಪ್ರೆಸ್ ಎಂಟ್ರಿ ಎಂಬ ಆಯ್ಕೆ ಪದ್ಧತಿಯಲ್ಲಿ ಎರಡು ಜರಡಿಗಳಿವೆ. ಇಲ್ಲಿಂದಲೇ ಅರ್ಜಿ ಹಾಕುವ ನುರಿತ ಕೆಲಸಗಾರರು ಮೊದಲು 100ಕ್ಕೆ 67 ಅಂಕ ಪಡೆದು ಅರ್ಹರಾಗಬೇಕು. ಆಮೇಲೆ ಎಲ್ಲ ಅರ್ಹರನ್ನೂ ಒಂದೇ ಸರತಿಯಲ್ಲಿ ನಿಲ್ಲಿಸಿ 1200ಕ್ಕೆ ಅಂಕ ಹಾಕುತ್ತಾರೆ. ಡ್ರಾ ನಡೆದ ದಿನ ಕಟ್‌ಆಫ್‌ಗಿಂತ ಮೇಲಿದ್ದವರಿಗೆ ಆಹ್ವಾನ ಬರುತ್ತದೆ. ಬಂದ ಮೇಲೆ 60 ದಿನದೊಳಗೆ ಪೂರ್ತಿ ಅರ್ಜಿ ಸಲ್ಲಿಸಬೇಕು.

ಒಂದು ಲೆಕ್ಕವನ್ನು ಬಿಡಿಸಿಯೇ ಹೇಳುತ್ತೇನೆ. ಮದುವೆಯಾಗದ, 29 ವರ್ಷದ, ಬಿಇ ಮುಗಿಸಿ ಮೂರು ವರ್ಷಕ್ಕೂ ಹೆಚ್ಚು ಅನುಭವವಿರುವ ಎಂಜಿನಿಯರ್ ಒಬ್ಬರು ಐಇಎಲ್‌ಟಿಎಸ್ ಇಂಗ್ಲಿಷ್ ಪರೀಕ್ಷೆಯ ಕೇಳುವುದರಲ್ಲಿ 8, ಉಳಿದ ಮೂರರಲ್ಲಿ 7 ತೆಗೆದರು ಎನ್ನೋಣ. ವಯಸ್ಸಿಗೆ 110, ಪದವಿಗೆ 120, ಇಂಗ್ಲಿಷಿಗೆ 124, ಅನುಭವ ಮತ್ತು ವಿದ್ಯೆ ಭಾಷೆಯೊಂದಿಗೆ ಕೂಡಿದ್ದಕ್ಕೆ 75, ಒಟ್ಟು 429. ಎಂ.ಟೆಕ್ ಆಗಿದ್ದರೆ 469. ಅದೇ ಬಿಇ ಎಂಜಿನಿಯರ್ 35 ತುಂಬುವ ಹೊತ್ತಿಗೆ ವಯಸ್ಸಿನ ಅಂಕ 77ಕ್ಕೆ ಇಳಿದು ಒಟ್ಟು 396 ಆಗುತ್ತದೆ. 45 ತುಂಬಿದರೆ ವಯಸ್ಸಿಗೆ ಸೊನ್ನೆ. ಈ ನಡುವೆ ಅವರ ಕೈಚಳಕ ಹೆಚ್ಚಿರುತ್ತದೆ, ಹತ್ತು ಜನರ ತಂಡವನ್ನು ನಡೆಸಿರುತ್ತಾರೆ. ಅಂಕ ಮಾತ್ರ ಇಳಿಯುತ್ತ ಹೋಗುತ್ತದೆ. ಅಂಕಪಟ್ಟಿ ಅಳೆಯುವುದು ಆ ದೇಶಕ್ಕೆ ನಿಮ್ಮಿಂದ ಇನ್ನೆಷ್ಟು ವರ್ಷದ ದುಡಿಮೆ ಸಿಗುತ್ತದೆ ಎಂಬುದನ್ನು. ನಿಮ್ಮ ಮನೆಗೆ ಅದರಿಂದ ಒಳಿತಾಗುತ್ತದೆಯೇ ಎಂಬ ಕಲಮು ಅದರಲ್ಲಿ ಇಲ್ಲ. ಅದನ್ನು ಅಳೆಯಬೇಕಾದವರು ನಾವು.

ಕಟ್‌ಆಫ್ ಎಂಬುದು ನಿಂತ ನೀರಲ್ಲ. 2021ರ ಫೆಬ್ರುವರಿ 13ರಂದು ಒಂದೇ ಡ್ರಾದಲ್ಲಿ 27,332 ಜನರನ್ನು ಕರೆದರು. ಕಟ್‌ಆಫ್ ಬರೀ 75. ಕರೆ ಬಂದದ್ದು ಆಗಲೇ ಕೆನಡಾದಲ್ಲಿ ದುಡಿದ ಅನುಭವ ಇದ್ದವರಿಗೆ. 2025ರಲ್ಲಿ ಅದೇ ವರ್ಗದ ಡ್ರಾಗಳು 500ರ ಮೇಲೆಯೇ ನಿಂತವು. 2023ರಿಂದ ಕಸುಬು ನೋಡಿ ಕರೆಯುವ ಪದ್ಧತಿ ಸೇರಿಕೊಂಡಿದೆ. ಆರೋಗ್ಯ ಸೇವೆಯವರಿಗೆ 2025ರಲ್ಲಿ ಕಟ್‌ಆಫ್ 470ರ ಆಸುಪಾಸಿಗೂ ಇಳಿಯಿತು. ಫ್ರೆಂಚ್ ಬಲ್ಲವರಿಗೆ ಆ ವರ್ಷದ ಮಾರ್ಚ್‌ನ ಒಂದು ಸುತ್ತಿನಲ್ಲಿ 379ಕ್ಕೂ ಆಹ್ವಾನ ಬಂತು. ಅಲ್ಲಿನ ಕಂಪನಿಯ ಆಫರ್ ಲೆಟರ್ ಇದ್ದರೆ ಸಿಗುತ್ತಿದ್ದ 50 ಅಥವಾ 200 ಅಂಕವನ್ನು 2025ರ ಮಾರ್ಚ್ 25ರಂದು ತೆಗೆದುಹಾಕಿದರು. 2025ಕ್ಕೆ 5,00,000 ಮಂದಿಗೆ ಪಿಆರ್ ಎಂದಿದ್ದ ಸರ್ಕಾರವೇ 2024ರ ಅಕ್ಟೋಬರ್‌ನಲ್ಲಿ ಅದನ್ನು 3,95,000ಕ್ಕೆ ಇಳಿಸಿತು.

ಇದರ ಅರ್ಥವಿಷ್ಟು. ಬೆಂಗಳೂರಿನಲ್ಲಿ ಕೂತು, ಫ್ರೆಂಚ್ ಬಾರದೆ, ಪ್ರಾಂತ್ಯವೊಂದರ ನಾಮನಿರ್ದೇಶನವೂ ಇಲ್ಲದೆ, 429 ಹಿಡಿದುಕೊಂಡು ಕಾಯುವ ಸಾಫ್ಟ್‌ವೇರ್ ಎಂಜಿನಿಯರ್‌ಗೆ ಇಂದು ದಾರಿ ಕಿರಿದು. ಪ್ರಾಂತ್ಯದ ನಾಮನಿರ್ದೇಶನ ಸಿಕ್ಕರೆ 600 ಅಂಕ ಸೇರಿ ದಾರಿ ಹೆದ್ದಾರಿಯಾಗುತ್ತದೆ, ನಿಜ. ವಸಂತನಗರದ ಅಲಿಯಾನ್ಸ್ ಫ್ರಾನ್ಸೇಸ್‌ಗೆ ಹೋಗಿ ಫ್ರೆಂಚ್ ಕಲಿಯುವುದೂ ಒಂದು ದಾರಿಯೇ; ಆದರೆ ಶೂನ್ಯದಿಂದ ಆ ಮಟ್ಟ ಮುಟ್ಟುವುದು ಕೆಲಸದ ಜೊತೆ ಮಾಡಿದರೆ ಹಲವರಿಗೆ ವರ್ಷಕ್ಕೂ ಮೀರಿದ ದುಡಿಮೆ. ಇಷ್ಟನ್ನು ಮೊದಲೇ ಹೇಳದೆ ‘ಗ್ಯಾರಂಟಿ ಪಿಆರ್’ ಎಂದು ಮುಂಗಡ ಕೇಳುವ ಕನ್ಸಲ್ಟೆಂಟ್ ಬಳಿಯಿಂದ ಎದ್ದು ಬರುವುದೇ ಕ್ಷೇಮ. ಅರ್ಜಿಯಲ್ಲಿ ಅವರು ಬರೆದ ಸುಳ್ಳಿಗೆ ಹೊಣೆ ಅರ್ಜಿದಾರರದೇ. ಶಿಕ್ಷೆ ಐದು ವರ್ಷದ ನಿಷೇಧ.

ಕಾಗದದ ದುಡಿಮೆ

ಅರ್ಜಿಯ ನಿಜವಾದ ಶ್ರಮ ಕಾಗದಗಳಲ್ಲಿದೆ. ಅದರಲ್ಲೂ ಹಳೆಯ ಕಂಪನಿಯ ರೆಫರೆನ್ಸ್ ಲೆಟರ್. ಕೆನಡಾ ಕೇಳುವುದು ಹುದ್ದೆಯ ಹೆಸರು, ಸೇರಿದ ಮತ್ತು ಬಿಟ್ಟ ದಿನ, ವಾರಕ್ಕೆ ಎಷ್ಟು ಗಂಟೆ, ಸಂಬಳ ಎಷ್ಟು, ಜೊತೆಗೆ ಮುಖ್ಯವಾಗಿ ಏನೇನು ಕೆಲಸ ಮಾಡುತ್ತಿದ್ದಿರಿ ಎಂಬ ವಿವರ. ಆ ವಿವರ ಅವರ ಉದ್ಯೋಗ ವರ್ಗೀಕರಣದ ಸಂಕೇತಕ್ಕೆ ಹೊಂದಬೇಕು. ಸಾಫ್ಟ್‌ವೇರ್ ಎಂಜಿನಿಯರ್‌ಗೆ 21231, ಡೆವಲಪರ್‌ಗೆ 21232. ನಮ್ಮ ಕಂಪನಿಗಳ ಎಚ್‌ಆರ್ ಕೊಡುವುದು ಸಾಮಾನ್ಯವಾಗಿ ಮೂರು ಸಾಲಿನ ಅನುಭವ ಪತ್ರ: ಇಂಥ ದಿನದಿಂದ ಇಂಥ ದಿನದವರೆಗೆ ಇಂಥ ಹುದ್ದೆಯಲ್ಲಿದ್ದರು, ಶುಭವಾಗಲಿ. ಕೆಲಸದ ವಿವರ ಬರೆದುಕೊಡಿ ಎಂದರೆ ‘ನಮ್ಮ ಪಾಲಿಸಿಯಲ್ಲಿ ಇಲ್ಲ’ ಎನ್ನುತ್ತಾರೆ. ಆಗ ಹಳೆಯ ಮ್ಯಾನೇಜರ್‌ನನ್ನು ಹುಡುಕಿ, ಸ್ಟ್ಯಾಂಪ್ ಪೇಪರ್ ಮೇಲೆ ಅಫಿಡವಿಟ್ ಮಾಡಿಸಿ, ಅದಕ್ಕೆ ಪೇಸ್ಲಿಪ್, ಫಾರ್ಮ್ 16 ಲಗತ್ತಿಸಿ, ಕಂಪನಿ ಏಕೆ ಕೊಡಲಿಲ್ಲ ಎಂದು ಒಂದು ವಿವರಣೆ ಬರೆಯಬೇಕು. ವಿಶ್ವವಿದ್ಯಾಲಯದಿಂದ ಟ್ರಾನ್ಸ್‌ಕ್ರಿಪ್ಟ್ ತರಿಸಿ ಪದವಿಯ ಮೌಲ್ಯಮಾಪನ ಮಾಡಿಸುವುದು, ಪೊಲೀಸ್ ಕ್ಲಿಯರೆನ್ಸ್, ವೈದ್ಯಕೀಯ ತಪಾಸಣೆ ಇದರ ಮೇಲೆ.

ಖರ್ಚೂ ಇದೆ. 2024ರ ಏಪ್ರಿಲ್ ಕೊನೆಯಲ್ಲಿ ನಿಗದಿಯಾದ ದರದಂತೆ ದೊಡ್ಡವರೊಬ್ಬರಿಗೆ ಸರ್ಕಾರಿ ಶುಲ್ಕವೇ 1,525 ಕೆನಡಾ ಡಾಲರ್. ಅಲ್ಲಿ ಕೆಲಸದಲ್ಲಿಲ್ಲದವರು ನೆಲೆಯೂರಲು ಹಣವಿದೆ ಎಂದೂ ತೋರಿಸಬೇಕು. 2025ರ ಲೆಕ್ಕದಲ್ಲಿ ಒಬ್ಬರಿಗೆ 15,263 ಡಾಲರ್, ನಾಲ್ವರ ಕುಟುಂಬಕ್ಕೆ 28,362. ಅದು ಸಾಲ ತಂದ ಹಣವಾಗಿರಬಾರದು. ಇಷ್ಟಾದರೂ ಈ ಶ್ರಮದಿಂದ ಒಂದು ಲಾಭವುಂಟು: ತನ್ನ ಓದು, ಕೆಲಸ, ಉಳಿತಾಯ ಎಲ್ಲವನ್ನೂ ಒಂದು ಕಡತದಲ್ಲಿ ಜೋಡಿಸಿದವರಿಗೆ ತಾವು ಎಲ್ಲಿ ನಿಂತಿದ್ದೇವೆ ಎಂಬುದು ಸ್ಪಷ್ಟವಾಗುತ್ತದೆ.

ಮೊದಲ ಪಾಲು: ಅರ್ಜಿದಾರರು

ಪಿಆರ್‌ನ ದೊಡ್ಡ ವರ ಸ್ವಾತಂತ್ರ್ಯ. ಅಮೆರಿಕದ ಎಚ್-1ಬಿ ಕೆಲಸದ ವೀಸಾದಲ್ಲಿ ಇರುವವರನ್ನು ಕೇಳಿದರೆ ಇದರ ಬೆಲೆ ಗೊತ್ತಾಗುತ್ತದೆ. ಅಲ್ಲಿ ವರ್ಷಕ್ಕೆ ಉದ್ಯೋಗ ಆಧಾರಿತ ಗ್ರೀನ್ ಕಾರ್ಡ್‌ಗಳು ಸುಮಾರು 1,40,000. ಯಾವ ದೇಶದವರಿಗೂ ಶೇಕಡ 7ಕ್ಕಿಂತ ಹೆಚ್ಚು ಇಲ್ಲವೆಂಬ ಮಿತಿಯಿಂದ ಭಾರತೀಯರ ಸರತಿ ದಶಕಗಳಷ್ಟು ಉದ್ದವಾಗಿದೆ. ಕೆಲಸ ಹೋದರೆ ದೇಶ ಬಿಡುವ ಗಡುವು ಶುರುವಾಗುತ್ತದೆ. 2023ರ ಜುಲೈಯಲ್ಲಿ ಕೆನಡಾ ಎಚ್-1ಬಿ ಇದ್ದವರಿಗೆ 10,000 ವರ್ಕ್ ಪರ್ಮಿಟ್ ತೆರೆದಾಗ ಎರಡು ದಿನದೊಳಗೇ ಅರ್ಜಿಗಳು ತುಂಬಿಹೋದವು. ಕೆನಡಾದ ಪಿಆರ್ ಕೈಯಲ್ಲಿದ್ದರೆ ಕೆಲಸ ಬದಲಿಸಬಹುದು, ಊರು ಬದಲಿಸಬಹುದು, ಸ್ವಂತ ಉದ್ಯೋಗ ಹಾಕಬಹುದು. ಯಾವ ಮಾಲೀಕನ ಸಹಿಯೂ ಬೇಡ.

ಬೆಲೆಯೂ ಅಷ್ಟೇ ನಿಜ. ಪಿಆರ್ ಕೊಡುವ ಇಲಾಖೆ ಬೇರೆ, ಕೆಲಸ ಕೊಡುವ ಕಂಪನಿ ಬೇರೆ. ಇಲಾಖೆ ಅಂಕ ಕೊಟ್ಟು ಗೌರವಿಸಿದ ಅದೇ ಅನುಭವವನ್ನು ಕಂಪನಿ ‘ಕೆನಡಿಯನ್ ಎಕ್ಸ್‌ಪೀರಿಯನ್ಸ್ ಇದೆಯೇ?’ ಎಂದು ಕೇಳಿ ಪಕ್ಕಕ್ಕಿಡಬಹುದು. 2021ರ ಜನಗಣತಿಯ ಪ್ರಕಾರ ವಿದೇಶಿ ಪದವಿ ಹೊಂದಿದ ವಲಸಿಗರಲ್ಲಿ ಕಾಲು ಭಾಗಕ್ಕೂ ಹೆಚ್ಚು ಜನ ಮಾಡುತ್ತಿದ್ದ ಕೆಲಸಕ್ಕೆ ಹೈಸ್ಕೂಲ್ ಓದು ಸಾಕಾಗಿತ್ತು. ಈ ಮಾತನ್ನು ಎರಡೂ ಕಡೆಯಿಂದ ಓದಬೇಕು: ನಾಲ್ವರಲ್ಲಿ ಒಬ್ಬರು ಕೆಳಗಿಳಿದರು, ಉಳಿದವರಿಗೆ ಹಾಗಾಗಲಿಲ್ಲ.

ಯಾರು ಇಳಿಯುತ್ತಾರೆ ಎಂಬುದು ಬಹುಮಟ್ಟಿಗೆ ಕಸುಬಿನ ಮೇಲೆ ನಿಂತಿದೆ. ಸಾಫ್ಟ್‌ವೇರ್‌ಗೆ ಲೈಸೆನ್ಸ್ ಬೇಡ. ವೈದ್ಯರು, ದಂತವೈದ್ಯರು, ನರ್ಸ್, ವಕೀಲರು, ಶಾಲಾ ಶಿಕ್ಷಕರಿಗೆ ಆಯಾ ಪ್ರಾಂತ್ಯದ ಪರವಾನಗಿ ಬೇಕು. ಎಂಬಿಬಿಎಸ್ ಎಂಡಿ ಆದವರೂ ಪರೀಕ್ಷೆ ಬರೆದು, ರೆಸಿಡೆನ್ಸಿ ಸೀಟಿಗೆ ಸ್ಪರ್ಧಿಸಬೇಕಾಗಬಹುದು. ಪರಿಸ್ಥಿತಿ ಸಡಿಲವಾಗುತ್ತಿಲ್ಲ ಎಂದಲ್ಲ; ಒಂಟಾರಿಯೊದ ಎಂಜಿನಿಯರಿಂಗ್ ನಿಯಂತ್ರಣ ಸಂಸ್ಥೆ ಕೆನಡಾದ ಅನುಭವ ಇರಲೇಬೇಕೆಂಬ ನಿಯಮವನ್ನು 2023ರಲ್ಲಿ ಕೈಬಿಟ್ಟಿತು. ಆದರೂ ಪರವಾನಗಿ ಬೇಕಾದ ಕಸುಬಿನವರು ಪಿಆರ್ ಅರ್ಜಿಯ ಜೊತೆಜೊತೆಗೇ ಆ ದಾರಿಯನ್ನೂ ಇಲ್ಲಿಂದಲೇ ಶುರುಮಾಡದಿದ್ದರೆ ಮೊದಲ ಕೆಲವು ವರ್ಷ ಕೈಗೆ ಸಿಕ್ಕಿದ ಕೆಲಸದಲ್ಲೇ ಕಳೆದುಹೋಗುವ ಅಪಾಯವಿದೆ.

ಎರಡನೆಯ ಪಾಲು: ಸಂಗಾತಿ

ಕುಟುಂಬವಾಗಿ ಹೋದರೆ ಗಂಡ ಹೆಂಡತಿ ಇಬ್ಬರಿಗೂ ಒಟ್ಟಿಗೇ ಪಿಆರ್ ಬರುತ್ತದೆ. ಇಬ್ಬರೂ ಮೊದಲ ದಿನದಿಂದ ದುಡಿಯಬಹುದು. ಅಮೆರಿಕದಲ್ಲಿ ಎಚ್-1ಬಿಯವರ ಸಂಗಾತಿಗೆ ಸಿಗುವ ಎಚ್-4 ವೀಸಾದಲ್ಲಿ ಡಿಗ್ರಿ ಹಿಡಿದು ಮನೆಯಲ್ಲಿ ಕೂತ ಎಷ್ಟೋ ಹೆಣ್ಣುಮಕ್ಕಳ ಪಾಲಿಗೆ ಇದು ಸಣ್ಣ ಮಾತಲ್ಲ. ಒಬ್ಬರ ಕೆಲಸಕ್ಕೋ ಮದುವೆಗೋ ತೊಡಕಾದರೂ ಇನ್ನೊಬ್ಬರ ಹಕ್ಕು ಸ್ವಂತದ್ದಾಗಿ ಉಳಿಯುತ್ತದೆ.

ಇಲ್ಲಿಯ ಅನುಕೂಲಗಳು ಅಲ್ಲಿಲ್ಲ ಎಂಬುದು ಇನ್ನೊಂದು ಮಗ್ಗುಲು. ಕೆಲಸದವರಿಲ್ಲ, ಮಗು ನೋಡಿಕೊಳ್ಳುವ ಅಜ್ಜಿಯಿಲ್ಲ, ಬಾಡಿಗೆ ಕಟ್ಟಲು ಎರಡು ಸಂಬಳ ಬೇಕು. ಇಂಥ ಹೊತ್ತಿನಲ್ಲಿ ಯಾರ ವೃತ್ತಿ ಹಿಂದೆ ಸರಿಯುತ್ತದೆ ಎಂಬುದನ್ನು ನಮ್ಮ ಮನೆಗಳು ಮಾತಾಡದೆಯೇ ತೀರ್ಮಾನಿಸಿಬಿಡುತ್ತವೆ. ಅದನ್ನು ಹೊರಡುವ ಮುಂಚೆ ಮಾತಾಡಬೇಕು. ಅರ್ಜಿ ಯಾರ ಹೆಸರಿನಲ್ಲಿ ಎಂಬುದನ್ನೂ ಲೆಕ್ಕ ಹಾಕಿಯೇ ನಿರ್ಧರಿಸಬೇಕು. ಗಂಡ ಸಾಫ್ಟ್‌ವೇರ್, ಹೆಂಡತಿ ನರ್ಸ್ ಆಗಿರುವ ಮನೆಯಲ್ಲಿ ಅಭ್ಯಾಸಬಲದಿಂದ ಗಂಡನ ಹೆಸರಿನಲ್ಲಿ ಹಾಕುತ್ತಾರೆ. ಈಗಿನ ಡ್ರಾಗಳನ್ನು ನೋಡಿದರೆ ಹೆಂಡತಿಯ ಹೆಸರಿನಲ್ಲಿ ಹಾಕಿದ ಅರ್ಜಿಗೇ ಬೇಗ ಕರೆ ಬರುವ ಸಂಭವ ಹೆಚ್ಚು.

ಮೂರನೆಯ ಪಾಲು: ಮಕ್ಕಳು

ಚಿಕ್ಕ ಮಕ್ಕಳ ಲೆಕ್ಕದಲ್ಲಿ ತಕ್ಕಡಿ ಕೆನಡಾದ ಕಡೆ ವಾಲುತ್ತದೆ. ಸರ್ಕಾರಿ ಶಾಲೆಗೆ ಶುಲ್ಕವಿಲ್ಲ, ಅಲ್ಲಿ ಎಲ್ಲ ಬಗೆಯ ಮನೆಯ ಮಕ್ಕಳೂ ಓದುತ್ತಾರೆ. ಮಕ್ಕಳ ಪಾಲನೆಗೆ ಸರ್ಕಾರ ತಿಂಗಳು ತಿಂಗಳು ತೆರಿಗೆಯಿಲ್ಲದ ಹಣ ಕೊಡುತ್ತದೆ. ಮೊತ್ತ ಮನೆಯ ಆದಾಯದ ಮೇಲೆ ನಿಂತಿದೆ. ಬೆಂಗಳೂರಿನಲ್ಲಿ ಎಲ್‌ಕೆಜಿ ಸೀಟಿಗೆ ಲಕ್ಷಗಟ್ಟಲೆ ಸುರಿದವರಿಗೆ ಈ ವ್ಯತ್ಯಾಸವನ್ನು ಬಿಡಿಸಿ ಹೇಳಬೇಕಿಲ್ಲ.

ಹೈಸ್ಕೂಲಿನಲ್ಲಿರುವ ಮಕ್ಕಳದು ಬೇರೆ ಕಥೆ. ಗೆಳೆಯರು, ಭಾಷೆಯ ಲಯ, ಆಡುವ ಆಟ ಎಲ್ಲವನ್ನೂ ಬಿಟ್ಟು ಹದಿನೈದರಲ್ಲಿ ಹೊಸದಾಗಿ ಶುರುಮಾಡುವುದು ಕಷ್ಟ. ಹಿಂದಿರುಗುವ ದಾರಿಯೂ ವರ್ಷ ಕಳೆದಂತೆ ಕಿರಿದಾಗುತ್ತದೆ. ಭಾರತ ಎರಡು ಪೌರತ್ವ ಒಪ್ಪುವುದಿಲ್ಲ. ಐದು ವರ್ಷದಲ್ಲಿ 1,095 ದಿನ ಅಲ್ಲಿ ಇದ್ದು ಪೌರತ್ವ ಪಡೆದ ಮೇಲೆ ನಮ್ಮ ಪಾಸ್‌ಪೋರ್ಟ್ ಹೋಗುತ್ತದೆ, ಒಸಿಐ (ಸಾಗರೋತ್ತರ ಭಾರತೀಯ ನಾಗರಿಕ) ಕಾರ್ಡ್ ಬರುತ್ತದೆ. 2021ರ ಮಾರ್ಚ್‌ನ ಕೇಂದ್ರದ ಅಧಿಸೂಚನೆಯಂತೆ ಒಸಿಐ ಮಕ್ಕಳು ಇಲ್ಲಿನ ವೈದ್ಯಕೀಯ, ಎಂಜಿನಿಯರಿಂಗ್ ಪ್ರವೇಶದಲ್ಲಿ ಎನ್‌ಆರ್‌ಐ ಅಥವಾ ಹೆಚ್ಚುವರಿ (ಸೂಪರ್‌ನ್ಯೂಮರರಿ) ಸೀಟುಗಳಿಗಷ್ಟೇ ಅರ್ಹರು, ಭಾರತೀಯ ಪೌರರಿಗೆ ಮೀಸಲಾದ ಸೀಟುಗಳಿಗೆ ಅಲ್ಲ. ‘ಸರಿಹೋಗದಿದ್ದರೆ ವಾಪಸು ಬಂದು ಸಿಇಟಿ ಬರೆಸಿದರಾಯಿತು’ ಎಂದುಕೊಂಡವರು ಈ ಒಂದು ಸಾಲನ್ನು ಮನಸ್ಸಿನಲ್ಲಿಡಬೇಕು.

ಕನ್ನಡದ ಮಾತು ಬಂದಾಗ ಎರಡೂ ಕಡೆಯವರು ದೊಡ್ಡ ಗಂಟಲಿನಲ್ಲಿ ಮಾತಾಡುತ್ತಾರೆ. ಶಿರಾ ತಾಲ್ಲೂಕಿನ ದ್ವಾರಾಳಿನಿಂದ ಹೋಗಿ ಕೆನಡಾದ ಸಂಸದರಾದ ಚಂದ್ರ ಆರ್ಯ 2022ರ ಮೇ ತಿಂಗಳಲ್ಲಿ ಅಲ್ಲಿನ ಸಂಸತ್ತಿನಲ್ಲಿ ಕನ್ನಡದಲ್ಲಿ ಮಾತಾಡಿದ್ದು ನಮಗೆಲ್ಲ ಹೆಮ್ಮೆ ತಂದಿತು. ಅವರು ಕನ್ನಡದಲ್ಲೇ ಬೆಳೆದು ಹೋದವರು. ಅಲ್ಲಿ ಹುಟ್ಟಿದ ಮಗುವಿಗೆ ಕನ್ನಡ ಉಳಿಯುವುದು ಮನೆಯಲ್ಲಿ ಅಪ್ಪ ಅಮ್ಮ ಪಟ್ಟುಹಿಡಿದು ಕನ್ನಡವನ್ನೇ ಆಡಿದರೆ ಮಾತ್ರ. ಅದು ವೈಟ್‌ಫೀಲ್ಡಿನ ಅಪಾರ್ಟ್‌ಮೆಂಟಿನಲ್ಲೂ ಇಷ್ಟೇ ನಿಜವಾದ್ದರಿಂದ, ಭಾಷೆಯ ನಷ್ಟವನ್ನೆಲ್ಲ ವಲಸೆಯ ತಲೆಗೆ ಕಟ್ಟುವುದು ನ್ಯಾಯವಲ್ಲ.

ನಾಲ್ಕನೆಯ ಪಾಲು: ತಂದೆತಾಯಿ

ಅರ್ಜಿಯಲ್ಲಿ ಇವರ ಹೆಸರು ಇರುವುದಿಲ್ಲ. ನಷ್ಟದ ದೊಡ್ಡ ಪಾಲು ಬೀಳುವುದು ಇವರ ಮೇಲೆಯೇ.

‘ಆಮೇಲೆ ನಿಮ್ಮನ್ನೂ ಕರೆಸಿಕೊಳ್ಳುತ್ತೇವೆ’ ಎಂದು ಮಕ್ಕಳು ಮನಃಪೂರ್ವಕವಾಗಿ ಹೇಳುತ್ತಾರೆ. ತಂದೆತಾಯಿಗೆ ಪಿಆರ್ ಕೊಡಿಸುವ ಯೋಜನೆ ಇರುವುದೂ ನಿಜ. ಆದರೆ 2025ರಲ್ಲಿ ಆಹ್ವಾನ ಹೋದದ್ದು 2020ರಲ್ಲಿ ಹೆಸರು ಕೊಟ್ಟವರಿಗೆ; ಹೊಸದಾಗಿ ಹೆಸರು ನೋಂದಾಯಿಸಲು ಅವಕಾಶವಿರಲಿಲ್ಲ. ಉಳಿದದ್ದು ಸೂಪರ್ ವೀಸಾ. ಹತ್ತು ವರ್ಷದವರೆಗೆ ಹೋಗಿಬರಬಹುದು, ಒಂದು ಸಲಕ್ಕೆ ಐದು ವರ್ಷದವರೆಗೂ ಇರಬಹುದು. ಮಗಳ ಅಥವಾ ಸೊಸೆಯ ಬಾಣಂತನಕ್ಕೆ, ಬೇಸಿಗೆಯ ಕೆಲವು ತಿಂಗಳಿಗೆ ಇದು ನಿಜಕ್ಕೂ ಒಳ್ಳೆಯ ಏರ್ಪಾಡು. ಆದರೆ ಕನಿಷ್ಠ 1,00,000 ಡಾಲರ್ ರಕ್ಷಣೆಯ ಖಾಸಗಿ ಆರೋಗ್ಯ ವಿಮೆ ಮಾಡಿಸಬೇಕು. ಸಕ್ಕರೆ ಕಾಯಿಲೆ, ಹೃದಯದ ತೊಂದರೆ ಇರುವ ಎಪ್ಪತ್ತರ ಹಿರಿಯರಿಗೆ ಆ ವಿಮೆ ದುಬಾರಿ.

ತಂದೆ ಮೈಸೂರಿನ ಆಸ್ಪತ್ರೆಯ ಐಸಿಯುನಲ್ಲಿದ್ದರೆ ಟೊರಾಂಟೊದಿಂದ ಬಂದು ಸೇರಲು ಸುಮಾರು ಒಂದು ದಿನ ಬೇಕು. ಈ ಒಂದು ದಿನ ಎಷ್ಟು ಭಾರ ಎಂಬುದು ವಲಸೆ ಹೋದ ಪ್ರತಿ ಮನೆಗೂ ಗೊತ್ತು. ಆಸ್ತಿಯ ಮಾತೂ ಇದೆ: ಅನಿವಾಸಿಯಾದವರು, ಒಸಿಐ ಆದವರು ಪಿತ್ರಾರ್ಜಿತ ತೋಟ ಗದ್ದೆ ಉಳಿಸಿಕೊಳ್ಳಬಹುದು, ಹೊಸದಾಗಿ ಕೃಷಿಭೂಮಿ ಕೊಳ್ಳುವಂತಿಲ್ಲ.

ಇನ್ನೊಂದು ಬದಿಯನ್ನೂ ಹೇಳಬೇಕು. ಮಕ್ಕಳು ಬೆಂಗಳೂರಿನಲ್ಲಿದ್ದ ಮಾತ್ರಕ್ಕೆ ಶಿವಮೊಗ್ಗದ, ಬೀದರಿನ ತಂದೆತಾಯಿ ಒಂಟಿಯಲ್ಲ ಎನ್ನಲಾಗದು. ಹಬ್ಬಕ್ಕೆ ಬಂದು ಎರಡು ದಿನ ಫೋನ್ ಹಿಡಿದು ಕೂರುವ ಮಗನಿಗಿಂತ, ವರ್ಷಕ್ಕೆ ಒಂದು ತಿಂಗಳು ಬಂದು ಅಮ್ಮನ ಪಕ್ಕ ಕೂರುವ ಮಗಳು ಹತ್ತಿರದವಳು. ದೂರ ಹೋಗಬೇಡಿ ಎಂದು ತಡೆದು, ಆ ಋಣವನ್ನು ಮಕ್ಕಳ ಬೆನ್ನಿಗೆ ಕಟ್ಟುವುದು ಬಹುತೇಕ ಯಾವ ತಂದೆತಾಯಿಗೂ ಇಷ್ಟವಿಲ್ಲ. ಅವರಿಗೆ ಬೇಕಿರುವುದು ಸ್ಪಷ್ಟ ಉತ್ತರ: ಕಾಯಿಲೆ ಬಿದ್ದರೆ ಯಾರು ಬರುತ್ತಾರೆ, ಖರ್ಚು ಯಾರದು, ಊರಿನಲ್ಲೇ ಇರುವ ಇನ್ನೊಬ್ಬ ಮಗನೋ ಮಗಳೋ ಒಬ್ಬರೇ ಹೊರಬೇಕೇ?

ಹಾಗಾದರೆ?

ಅರ್ಜಿ ಹಾಕುವುದು, ಹೋಗಿ ನೆಲೆಸುವುದು ಎರಡು ಬೇರೆ ತೀರ್ಮಾನಗಳು. ಮೊದಲನೆಯದರ ಖರ್ಚು ಕೆಲವು ಲಕ್ಷ ರೂಪಾಯಿ ಮತ್ತು ಒಂದಷ್ಟು ತಿಂಗಳ ಓಡಾಟ. ವಯಸ್ಸಿನ ಅಂಕ ಕರಗುತ್ತಿರುವುದರಿಂದ ಆಸೆಯಿದ್ದವರು ಇಪ್ಪತ್ತೆಂಟು ಇಪ್ಪತ್ತೊಂಬತ್ತರಲ್ಲೇ ಪ್ರಯತ್ನಿಸುವುದು ಜಾಣತನ. ಎರಡನೆಯದರ ಬೆಲೆ ದೊಡ್ಡದು, ಅದನ್ನು ಬಹಳ ಕಾಲ ಮುಂದೂಡಲೂ ಆಗದು. ಪಿಆರ್ ಉಳಿಯಬೇಕಾದರೆ ಪ್ರತಿ ಐದು ವರ್ಷದಲ್ಲಿ 730 ದಿನ ಅಲ್ಲಿ ಇರಲೇಬೇಕು. ಕಾರ್ಡ್ ಮಾಡಿಸಿಕೊಂಡು ಬಂದು ಬೀರುವಿನಲ್ಲಿಟ್ಟರೆ ನಡೆಯುವುದಿಲ್ಲ.

ನನ್ನ ತೂಕ ಹೀಗೆ ನಿಲ್ಲುತ್ತದೆ. ಮೂವತ್ತರೊಳಗಿನವರು, ಪರವಾನಗಿ ಬೇಡದ ಕಸುಬಿನವರು, ಅಥವಾ ಪರವಾನಗಿಯ ದಾರಿಯನ್ನು ಇಲ್ಲಿಂದಲೇ ಹಿಡಿದ ನರ್ಸ್‌ಗಳು, ಮಕ್ಕಳು ಇನ್ನೂ ಚಿಕ್ಕವರಿರುವವರು, ಒಂದು ವರ್ಷ ಸಂಬಳವಿಲ್ಲದೆ ತಡೆದುಕೊಳ್ಳುವಷ್ಟು ಉಳಿತಾಯ ಇರುವವರು ಧೈರ್ಯವಾಗಿ ಹಾಕಬಹುದು. ನಲವತ್ತರ ಹತ್ತಿರ ಬಂದು ಇಲ್ಲಿ ವೃತ್ತಿಯಲ್ಲಿ ನೆಲೆ ಕಂಡವರು, ಎಸ್ಸೆಸ್ಸೆಲ್ಸಿಯ ಹೊಸ್ತಿಲಲ್ಲಿ ಮಕ್ಕಳಿರುವವರು, ತಂದೆತಾಯಿಗೆ ತಾವೊಬ್ಬರೇ ಆಸರೆಯಾದವರು ಇಲ್ಲೇ ಉಳಿದರೆ ಅದನ್ನು ಸೋಲೆಂದು ಯಾರೂ ಭಾವಿಸಬೇಕಾಗಿಲ್ಲ. ಹೋಗಿ ಹೊಂದದೆ ಮರಳಿದವರಿಗೂ ಇದೇ ಮಾತು. 1982ರಿಂದ 2017ರ ನಡುವೆ ಕೆನಡಾಕ್ಕೆ ಹೋದವರಲ್ಲಿ ಶೇಕಡ 15ಕ್ಕೂ ಹೆಚ್ಚು ಮಂದಿ ಇಪ್ಪತ್ತು ವರ್ಷದೊಳಗೆ ಆ ದೇಶ ಬಿಟ್ಟಿದ್ದಾರೆ ಎನ್ನುತ್ತದೆ ಅಲ್ಲಿನ ಸರ್ಕಾರಿ ಅಂಕಿಅಂಶ ಸಂಸ್ಥೆಯ ಅಧ್ಯಯನ. ಮರಳುವುದೂ ವಲಸೆಯ ಒಂದು ಸಹಜ ಅಧ್ಯಾಯವೇ.

ಅಂಕಪಟ್ಟಿಗೆ ಬೇಕಾದುದನ್ನು ಹೊಂದಿಸುವ ಮುಂಚೆ ಮನೆಯವರು ಒಟ್ಟಿಗೆ ಕೂರಬೇಕು. ನಾಲ್ಕು ಪಾಲನ್ನೂ ಒಂದು ಹಾಳೆಯಲ್ಲಿ ಬರೆದು, ಹೆಚ್ಚು ನಷ್ಟ ಯಾರಿಗೆ ಬೀಳುತ್ತದೋ ಅವರ ಮಾತನ್ನು ಮೊದಲು ಕೇಳಬೇಕು. ಬಹುಪಾಲು ಮನೆಗಳಲ್ಲಿ ಅದು ತಾಯಿಯದೋ ಹೆಂಡತಿಯದೋ ಆಗಿರುತ್ತದೆ. ಅವರು ತಿಳಿದು ಒಪ್ಪಿದ ಅರ್ಜಿಗೆ ಆಹ್ವಾನ ಬಂದರೂ ಬಾರದಿದ್ದರೂ ಮನೆ ಒಟ್ಟಾಗಿರುತ್ತದೆ. ಅವರನ್ನು ಕೇಳದೆ ಹಾಕಿದ ಅರ್ಜಿ 500 ಅಂಕ ದಾಟಿದರೂ ಆ ಮನೆಗೆ ಅದು ಒಳ್ಳೆಯ ತೀರ್ಮಾನ ಎಂದು ಹೇಳಲು ನನಗೆ ಬಾಯಿ ಬರುವುದಿಲ್ಲ.